ಥೈರಾಯ್ಡ್ ಮಾತ್ರೆ ತಗೊಂಡರೂ ಸುಸ್ತು ಬಿಡ್ತಿಲ್ವಾ? ಬೆಳಗಿನ ಕಾಫಿಯಿಂದ ಶುರು ಮಾಡಿ

ರಕ್ತದ ರಿಪೋರ್ಟಿನಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ಹಾರ್ಮೋನ್ ಅಂಕಿ) ಸರಿಯಾಗಿದೆ. ಮಾತ್ರೆಯನ್ನೂ ತಪ್ಪಿಸಿಲ್ಲ. ಆದರೂ ಮಧ್ಯಾಹ್ನ ಮೂರಕ್ಕೆಲ್ಲ ಕಣ್ಣು ಎಳೆಯುತ್ತದೆ, ಮೆಟ್ರೋ ಮೆಟ್ಟಿಲು ಹತ್ತುವಷ್ಟರಲ್ಲಿ ಕಾಲು ಸೋಲುತ್ತದೆ. ಮನೆಯಲ್ಲಿ 'ಯಾವಾಗ ನೋಡಿದ್ರೂ ಮಲಗಿರ್ತೀಯಲ್ಲ' ಅನ್ನುವ ಮಾತು ಬೇರೆ. ಥೈರಾಯ್ಡ್ ಮಂದವಾಗಿರುವ ಕೆಲವರಿಗೆ ಚಿಕಿತ್ಸೆ ನಡೆಯುತ್ತಿರುವಾಗಲೂ ಈ ಸುಸ್ತು ಇರುತ್ತದೆ. ಆಗ ಡೋಸ್ ನಾವೇ ಏರಿಸಿಕೊಳ್ಳೋಣ ಅನ್ನಿಸುವುದು ಸಹಜ. ಆ ಕೆಲಸ ಬೇಡ. ಅದಕ್ಕೂ ಮುಂಚೆ ನೋಡಬೇಕಾದ್ದು ಸಾಕಷ್ಟಿದೆ.

ಮಾತ್ರೆ ಮೊದಲು, ಕಾಫಿ ಆಮೇಲೆ

ಬೆಂಗಳೂರಿನ ಎಷ್ಟೋ ಅಡುಗೆಮನೆಗಳಲ್ಲಿ ನಡೆಯುವುದು ಹೀಗೆ: ಒಂದು ಕೈಯಲ್ಲಿ ಬಿಸಿ ಡಿಕಾಕ್ಷನ್ ಕಾಫಿ, ಇನ್ನೊಂದರಲ್ಲಿ ಥೈರಾಯ್ಡ್ ಮಾತ್ರೆಯ ಬಾಟಲಿ. ಮಾತ್ರೆ ನುಂಗಿ, ಎರಡು ಗುಟುಕು ನೀರು ಕುಡಿದು, ಹಿಂದೆಯೇ ಕಾಫಿ. ಖಾಲಿ ಹೊಟ್ಟೆಯಲ್ಲೇ ತಗೊಂಡೆವಲ್ಲ ಅನ್ನುವ ಸಮಾಧಾನ. ಆದರೆ ಕಾಫಿ ಹೊಟ್ಟೆಗೆ ಹೋದ ಮೇಲೆ ಅದು ಖಾಲಿ ಹೊಟ್ಟೆ ಹೇಗಾಗುತ್ತದೆ? ಈ ಮಾತ್ರೆಯಲ್ಲಿರುವ ಲೆವೋಥೈರಾಕ್ಸಿನ್ ಅನ್ನುವ ಥೈರಾಯ್ಡ್ ಹಾರ್ಮೋನ್ ಸಣ್ಣ ಕರುಳಿನಲ್ಲಿ ರಕ್ತಕ್ಕೆ ಸೇರಬೇಕು. ಕಾಫಿ, ಹಾಲು, ತಿಂಡಿ ಎಲ್ಲವೂ ಹಾಗೆ ಸೇರುವುದನ್ನು ಕಡಿಮೆ ಮಾಡುತ್ತವೆ. 30ರಿಂದ 60 ನಿಮಿಷ ಬಿಡಬೇಕು. ಪೂರ್ತಿ ಒಂದು ಗಂಟೆ ಬಿಟ್ಟರೆ ಇನ್ನೂ ಒಳ್ಳೆಯದು.

ಸುಲಭದ ದಾರಿ ಅಂದ್ರೆ, ಬಾಟಲಿ ಮತ್ತು ಮುಚ್ಚಿದ ಒಂದು ಲೋಟ ನೀರನ್ನು ಹಾಸಿಗೆ ಪಕ್ಕದಲ್ಲೇ ಇಟ್ಟುಕೊಂಡು ಮಲಗುವುದು. ಎದ್ದ ತಕ್ಷಣ ಮಾತ್ರೆ. ಆಮೇಲೆ ಬಾಗಿಲಿಗೆ ನೀರು ಹಾಕಿ, ಸ್ನಾನ ಮುಗಿಸಿ, ಮಕ್ಕಳ ಡಬ್ಬಿ ಕಟ್ಟುವಷ್ಟರಲ್ಲಿ ಕಾಫಿಗೆ ಹೊತ್ತಾಗಿರುತ್ತದೆ. ಬಾಟಲಿಯನ್ನು ಒಲೆ ಪಕ್ಕದ ಶೆಲ್ಫಿನಲ್ಲೋ ಬಚ್ಚಲುಮನೆಯಲ್ಲೋ ಇಡಬೇಡಿ. ಬಿಸಿ ಮತ್ತು ತೇವ ಎರಡೂ ಈ ಮಾತ್ರೆಗೆ ಆಗಿಬರುವುದಿಲ್ಲ.

ಬೆಳಗ್ಗೆ ಇದೆಲ್ಲ ಆಗುವ ಮಾತಲ್ಲ ಅನ್ನುವವರು ರಾತ್ರಿ ಮಲಗುವಾಗ ತಗೊಳ್ಳಬಹುದೇ ಅಂತ ವೈದ್ಯರನ್ನು ಕೇಳಿ. ಊಟವಾಗಿ ಮೂರು ಗಂಟೆ ಕಳೆದಿರಬೇಕು. ಹೊರವರ್ತುಲ ರಸ್ತೆಯ ಟ್ರಾಫಿಕ್ ದಾಟಿ ಒಂಬತ್ತೂವರೆಗೆ ಊಟಕ್ಕೆ ಕೂರುವವರಿಗೆ ಇದು ಹೊಂದುವುದು ಕಷ್ಟ, ಅಲ್ವಾ?

ಉಳಿದ ಮಾತ್ರೆಗಳು

ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕು. ಕಬ್ಬಿಣವೋ ಕ್ಯಾಲ್ಸಿಯಮ್ಮೋ ಇರುವ ಮಲ್ಟಿವಿಟಮಿನ್‌ಗೂ ಇದೇ ಲೆಕ್ಕ. ಅವನ್ನೆಲ್ಲ ಮಧ್ಯಾಹ್ನದ ಊಟದ ಜೊತೆಗೋ ರಾತ್ರಿಗೋ ತಳ್ಳಿ. ಬೆಳಗ್ಗೆ ಎದ್ದ ಕೂಡಲೇ ಗ್ಯಾಸ್ ಮಾತ್ರೆ ತಗೊಳ್ಳುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಹೊಟ್ಟೆಯ ಆಮ್ಲ ತಗ್ಗಿದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಕರಗುವುದಿಲ್ಲ. ಇಲ್ಲಿ ಬರೀ ಅಂತರ ಕೊಟ್ಟರೆ ಸಾಲದು, ವೈದ್ಯರಿಗೆ ಹೇಳಲೇಬೇಕು.

ಎಷ್ಟು ದಿನ ಕಾಯಬೇಕು?

ತಗೊಂಡ ಹಾರ್ಮೋನ್ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಸಂಪ್ ತುಂಬಿದ್ದರೆ ಒಂದು ದಿನ ಕಾವೇರಿ ನೀರು ಬರದಿದ್ದರೂ ಮನೆ ನಡೆಯುತ್ತದಲ್ಲ, ಹಾಗೆ. ಒಂದು ದಿನ ಮರೆತರೆ ಗಾಬರಿ ಬೇಡ. ಆದರೆ ಅದೇ ಕಾರಣಕ್ಕೆ ಹೊಸ ಡೋಸಿನ ಫಲವೂ ನಾಲ್ಕು ದಿನದಲ್ಲಿ ಕಾಣುವುದಿಲ್ಲ. ಡೋಸ್ ಬದಲಾದ ಮೇಲೆ 6ರಿಂದ 8 ವಾರ ಬಿಟ್ಟು ಟಿಎಸ್‌ಎಚ್ ನೋಡುವುದು ಇದಕ್ಕೇ. ಮೆಡಿಕಲ್ ಶಾಪಿನವರು ಬೇರೆ ಕಂಪನಿಯ ಬಾಟಲಿ ಕೊಟ್ಟರೆ ಸುಮ್ನೆ ತಂದುಬಿಡಬೇಡಿ, ವೈದ್ಯರ ಗಮನಕ್ಕೆ ತನ್ನಿ.

ಪರೀಕ್ಷೆಗೆ ರಕ್ತ ಕೊಡುವ ದಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ತಗೊಳ್ಳಿ. ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹೋಗಿ, ಟಿಎಸ್‌ಎಚ್ ದಿನದಲ್ಲೇ ಏರಿಳಿಯುತ್ತದೆ. ಕೂದಲು ಉದುರುತ್ತದೆಂದು ಬಯೋಟಿನ್ ಅನ್ನುವ ವಿಟಮಿನ್ ತಗೊಳ್ಳುತ್ತಿದ್ದೀರಾ? ಅದು ಕೆಲವು ಲ್ಯಾಬ್ ಪರೀಕ್ಷೆಗಳ ಅಂಕಿಯನ್ನೇ ತಪ್ಪಾಗಿ ತೋರಿಸುತ್ತದೆ. ಕಡೇಪಕ್ಷ ಎರಡು ದಿನ ಮುಂಚೆ ನಿಲ್ಲಿಸಬೇಕಾಗುತ್ತದೆ. ಬಯೋಟಿನ್ ಡೋಸ್ ಜಾಸ್ತಿ ಇದ್ದರೆ ಇನ್ನೂ ಮುಂಚೆ, ಆದ್ದರಿಂದ ಕೇಳಿಕೊಳ್ಳಿ.

ಎಲ್ಲಕ್ಕೂ ಥೈರಾಯ್ಡೇ ಕಾರಣವೇ?

ನನ್ನ ಪ್ರಕಾರ ಜನ ಎಡವುವುದು ಇಲ್ಲೇ. ಒಮ್ಮೆ ಥೈರಾಯ್ಡ್ ಅಂತ ಗೊತ್ತಾದರೆ ಆಮೇಲೆ ಬರುವ ಸುಸ್ತೆಲ್ಲ ಅದರ ಖಾತೆಗೇ ಹೋಗುತ್ತದೆ. ಟಿಎಸ್‌ಎಚ್ ಹಿಡಿತದಲ್ಲಿದ್ದೂ ಸುಸ್ತಿದ್ದರೆ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12, ವಿಟಮಿನ್ ಡಿ, ಸಕ್ಕರೆ ಇವನ್ನೂ ನೋಡಬೇಕೇ ಅಂತ ಕೇಳಿ. ಬಿ12 ಸಿಗುವುದು ಪ್ರಾಣಿಮೂಲದ ಆಹಾರದಲ್ಲಿ. ಹಾಲು ಮೊಸರೂ ಅಷ್ಟಕ್ಕಷ್ಟೇ ಇರುವ ಸಸ್ಯಾಹಾರಿ ಮನೆಗಳಲ್ಲಿ ಕೊರತೆ ಸುಲಭವಾಗಿ ಆಗುತ್ತದೆ. ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುವವರಲ್ಲಿ ಕಬ್ಬಿಣ ಖಾಲಿಯಾಗುತ್ತದೆ. ಥೈರಾಯ್ಡ್ ಹಾರ್ಮೋನ್ ಕಡಿಮೆಯಾದಾಗಲೂ ರಕ್ತಸ್ರಾವ ಜಾಸ್ತಿ ಆಗಬಹುದು. ಜೋರು ಗೊರಕೆ, ಎಂಟು ಗಂಟೆ ಮಲಗಿದರೂ ಎದ್ದಾಗ ತಲೆ ಭಾರ, ಇವಿದ್ದರೆ ನಿದ್ರೆಯಲ್ಲಿ ಉಸಿರು ಕಟ್ಟುತ್ತಿದೆಯೇ ನೋಡಿಸಿ. ಮನಸ್ಸು ಕುಗ್ಗಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ.

ಎಲೆಕೋಸು, ಹೂಕೋಸು ಬಿಡಬೇಕಾ ಅನ್ನುವ ಪ್ರಶ್ನೆಗೆ ಚಿಕ್ಕ ಉತ್ತರ: ಬೇಯಿಸಿ ಹದವಾಗಿ ತಿಂದರೆ ತೊಂದರೆಯಿಲ್ಲ. ರಾಗಿಮುದ್ದೆ ಮಧ್ಯಾಹ್ನಕ್ಕಿರಲಿ, ಮಾತ್ರೆಯ ಬೆನ್ನಿಗೇ ರಾಗಿ ಮಾಲ್ಟ್ ಬೇಡ. ಅಯೋಡಿನ್ ಉಪ್ಪು ಬಳಸುತ್ತಿದ್ದರೆ ಬೇರೆ ಅಯೋಡಿನ್ ಮಾತ್ರೆ ಹಾಕಿಕೊಳ್ಳಬೇಡಿ.

ದಿನ ಸಾಗಿಸುವುದು

ಒಂದೆರಡು ವಾರ ಪುಟ್ಟ ಪುಸ್ತಕದಲ್ಲಿ ಯಾವ ಹೊತ್ತಿಗೆ ಚೆನ್ನಾಗಿದ್ದಿರಿ, ಯಾವಾಗ ಕುಸಿದಿರಿ ಅಂತ ಬರೆಯಿರಿ. ಚೆನ್ನಾಗಿರುವ ಹೊತ್ತಿಗೆ ಭಾರದ ಕೆಲಸ ಹಾಕಿಕೊಳ್ಳಿ. ಭಾನುವಾರ ಮೈ ಹಗುರವಾಗಿದೆ ಅಂತ ಬಟ್ಟೆ, ಕಪಾಟು, ಮಾರ್ಕೆಟ್ ಎಲ್ಲ ಮುಗಿಸಿದರೆ ಸೋಮವಾರ ಏಳಲಾಗುವುದಿಲ್ಲ. ನಡಿಗೆಯನ್ನು ಹತ್ತು ನಿಮಿಷದಿಂದ ಶುರು ಮಾಡಿ. ಲಾಲ್‌ಬಾಗಿನ ಪೂರ್ತಿ ಸುತ್ತು ಮೊದಲ ದಿನವೇ ಆಗಬೇಕೆಂದಿಲ್ಲ. ಮಧ್ಯಾಹ್ನ ಇಪ್ಪತ್ತು ನಿಮಿಷ ಒರಗಬಹುದು. ಗಂಟೆಗಟ್ಟಲೆ ಮಲಗಿದರೆ ರಾತ್ರಿ ನಿದ್ದೆ ಕೆಡುತ್ತದೆ.

ವೈದ್ಯರ ಹತ್ತಿರ ಹೋಗುವಾಗ

ಐದು ನಿಮಿಷದ ಭೇಟಿಯಲ್ಲಿ 'ಸುಸ್ತು ಡಾಕ್ಟ್ರೇ' ಅಂದರೆ ಅವರಿಗೂ ಏನೂ ತಿಳಿಯುವುದಿಲ್ಲ. ಮಾತ್ರೆ ಎಷ್ಟು ಹೊತ್ತಿಗೆ, ಕಾಫಿ ಎಷ್ಟು ಹೊತ್ತಿಗೆ, ಬೇರೆ ಯಾವ ಮಾತ್ರೆಗಳಿವೆ, ಎಷ್ಟು ದಿನ ತಪ್ಪಿತು ಅಂತ ಚೀಟಿಯಲ್ಲಿ ಬರೆದು ಕೊಡಿ. ಹಳೆಯ ರಿಪೋರ್ಟುಗಳು ಜೊತೆಗಿರಲಿ. ಎದೆ ಡವಗುಟ್ಟುವುದು, ಕೈ ನಡುಕ, ನಿದ್ದೆ ಬಾರದಿರುವುದು ಶುರುವಾದರೆ ಡೋಸ್ ಹೆಚ್ಚಾಗಿರಬಹುದು, ಮುಂದಿನ ಭೇಟಿಯವರೆಗೆ ಕಾಯಬೇಡಿ. ಹೆಚ್ಚಾದ ಡೋಸ್ ಹೃದಯದ ಬಡಿತವನ್ನೂ ಮೂಳೆಯನ್ನೂ ಕೆಡಿಸುತ್ತದೆ. ಎದೆನೋವು, ಏದುಸಿರು ಬಂದರೆ ನೇರ ಆಸ್ಪತ್ರೆಗೇ ಹೋಗಿ. ಗರ್ಭ ನಿಂತಿದ್ದು ತಿಳಿದ ದಿನವೇ ಫೋನ್ ಮಾಡಿ ಹೇಳಿ, ಆಗ ಸಾಮಾನ್ಯವಾಗಿ ಡೋಸ್ ಏರಿಸಬೇಕಾಗುತ್ತದೆ.