ಶಾಫ್ಟ್ ಆರಿಸುವಾಗ ನಾನು ಅಕ್ಷರ ನೋಡಿದ್ದು ಕೊನೆಯಲ್ಲಿ

ಗಾಲ್ಫ್‌ನಲ್ಲಿ ಚೆಂಡನ್ನು ಅತಿ ದೂರ ಹೊಡೆಯುವ ಕ್ಲಬ್ (ಹೊಡೆಯುವ ಕೋಲು) ಡ್ರೈವರ್. ಅದರ ಶಾಫ್ಟ್, ಅಂದರೆ ಹಿಡಿಯಿಂದ ಚೆಂಡಿಗೆ ತಾಗುವ ಹೆಡ್‌ವರೆಗಿನ ದಂಡ, ಬದಲಾಯಿಸಬೇಕು ಅಂದ ಕೂಡಲೇ ಎಲ್ಲರೂ ಕೇಳುವ ಮೊದಲ ಪ್ರಶ್ನೆ ‘ಸ್ವಿಂಗ್ ಸ್ಪೀಡ್ ಎಷ್ಟು?’ ಅಂದರೆ ಬೀಸುವಾಗ ಹೆಡ್‌ನ ವೇಗ. ನನ್ನದು ಗಂಟೆಗೆ 92ರಿಂದ 94 ಮೈಲಿ. ಚಾಲ್ತಿಯಲ್ಲಿರುವ ಪಟ್ಟಿಗಳ ಪ್ರಕಾರ ಶಾಫ್ಟಿನ ಬಿಗಿ ಹೀಗೆ: ಸುಮಾರು 85ರಿಂದ 95ರವರೆಗೆ ರೆಗ್ಯುಲರ್, ಅದನ್ನು ದಾಟಿದರೆ ಸ್ಟಿಫ್, 105ರ ಮೇಲೆ ಎಕ್ಸ್‌ಟ್ರಾ ಸ್ಟಿಫ್, 85ರ ಕೆಳಗೆ ಸೀನಿಯರ್. ಕೊನೆಗೆ ನಾನು ಹಾಕಿಸಿಕೊಂಡದ್ದೂ ರೆಗ್ಯುಲರ್ ಶಾಫ್ಟನ್ನೇ, ಆದರೆ ಪಟ್ಟಿ ಹೇಳಿತು ಅಂತ ಅಲ್ಲ.

ಮೊದಲನೆಯದಾಗಿ, ಶಾಫ್ಟ್ ಮೇಲಿನ ‘ಆರ್’ (ರೆಗ್ಯುಲರ್), ‘ಎಸ್’ (ಸ್ಟಿಫ್) ಅಕ್ಷರಗಳಿಗೆ ಎಲ್ಲ ಕಂಪನಿಗಳೂ ಒಪ್ಪಿದ ಒಂದೇ ಅಳತೆ ಅಂತ ಇಲ್ಲ. ಒಬ್ಬರ ಆರ್ ಇನ್ನೊಬ್ಬರ ಎಸ್‌ನಷ್ಟೇ ಗಟ್ಟಿ ಇರಬಹುದು. ಕ್ಲಬ್ ಕಟ್ಟುವವರ ಬಳಿ ಫ್ರೀಕ್ವೆನ್ಸಿ ಮೀಟರ್ ಇರುತ್ತದೆ. ಗ್ರಿಪ್ ತುದಿಯನ್ನು ಬಿಗಿಯಾಗಿ ಕಚ್ಚಿಸಿ, ಹೆಡ್ ಇರುವ ತುದಿಯನ್ನು ಎಳೆದು ಬಿಟ್ಟರೆ ನಿಮಿಷಕ್ಕೆ ಎಷ್ಟು ಸಲ ಕಂಪಿಸುತ್ತದೆ ಅಂತ ತೋರಿಸುತ್ತದೆ. ನಾನು ಹಿಡಿಸಿ ನೋಡಿದ ಎರಡು ‘ಆರ್’ ಶಾಫ್ಟುಗಳಲ್ಲಿ ಒಂದು 246 ತೋರಿಸಿತು, ಇನ್ನೊಂದು 256. ಅಲ್ಲಿಂದ ಮುಂದೆ ನಾನು ಅಕ್ಷರ ಬಿಟ್ಟು ಈ ಅಂಕಿಯನ್ನೇ ಬರೆದಿಟ್ಟುಕೊಳ್ಳತೊಡಗಿದೆ.

ಎರಡನೆಯದು, ಸ್ಪೀಡ್ ಅರ್ಧ ಕಥೆ ಮಾತ್ರ. ಬ್ಯಾಕ್‌ಸ್ವಿಂಗ್ ಮುಗಿದು ಕೈ ಕೆಳಗೆ ಹೊರಟಾಗ ಹೆಡ್ ಹಿಂದೆ ಉಳಿಯುತ್ತದೆ, ಶಾಫ್ಟ್ ಹಿಂದಕ್ಕೆ ಬಾಗುತ್ತದೆ. ಎಷ್ಟು ಬಾಗುತ್ತದೆ ಅನ್ನುವುದು ನೀವು ಆ ತಿರುವಿನಲ್ಲಿ ಎಷ್ಟು ಜೋರಾಗಿ ಎಳೆಯುತ್ತೀರಿ ಎನ್ನುವುದರ ಮೇಲೆ ನಿಂತಿದೆ. ಚೆಂಡಿನ ಹತ್ತಿರ ಬರುವಷ್ಟರಲ್ಲಿ ಅದೇ ಶಾಫ್ಟ್ ಮುಂದಕ್ಕೆ ಬಾಗಿರುತ್ತದೆ. ಹೆಡ್‌ನ ತೂಕದ ಕೇಂದ್ರ ಶಾಫ್ಟಿನ ಗೆರೆಗಿಂತ ಹಿಂದಿರುವುದು ಇದಕ್ಕೆ ಒಂದು ಕಾರಣ. ಹಾಗೆ ಬಾಗಿದಾಗ ಲಾಫ್ಟ್, ಅಂದರೆ ಕ್ಲಬ್ ಮುಖ ಮೇಲಕ್ಕೆ ವಾಲಿರುವ ಕೋನ, ತುಸು ಹೆಚ್ಚುತ್ತದೆ. ಚೆಂಡು ತಾಗಿರುವುದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲಿ ಒಂದು ಪಾಲು ಹೊತ್ತು. ಅಷ್ಟರೊಳಗೆ ಶಾಫ್ಟ್ ಚೆಂಡನ್ನು ‘ಒದೆಯುತ್ತದೆ’ ಅನ್ನುವುದು ಬರೀ ಮಾತು. ಅದು ಮಾಡುವುದೇನಿದ್ದರೂ ಹೆಡ್ಡನ್ನು ಯಾವ ಕೋನದಲ್ಲಿ ತಂದು ನಿಲ್ಲಿಸಬೇಕೋ ಅಷ್ಟು.

ನನ್ನ ತಿರುವು ಅವಸರದ್ದು. ನಮ್ಮ ಜೊತೆ ಆಡುವ ಹಿರಿಯರೊಬ್ಬರ ಸ್ಪೀಡ್ ನನಗಿಂತ ಹೆಚ್ಚು, ಆದರೆ ಮೇಲೆ ಹೋದ ಕ್ಲಬ್ ಒಂದು ಕ್ಷಣ ನಿಂತೇ ಇಳಿಯುತ್ತದೆ. ಅವರಿಗೆ ಮೆತ್ತನೆಯ ಶಾಫ್ಟ್ ಚೆನ್ನಾಗಿ ಹೊಂದುತ್ತದೆ. ಪಟ್ಟಿ ಮಾತ್ರ ನೋಡಿದ್ದರೆ ಅವರ ಕೈಗೆ ಸ್ಟಿಫ್ ಬಂದಿರುತ್ತಿತ್ತು. (ಬ್ಯಾಗಿನಲ್ಲಿ ‘ಎಸ್’ ಕಾಣಿಸಲಿ ಅಂತಲೇ ಸ್ಟಿಫ್ ಕೊಳ್ಳುವವರೂ ಇದ್ದಾರೆ, ಆ ಮಾತು ಬೇರೆ.)

ಪರೀಕ್ಷೆಗೆ ಒಂದೇ ಹೆಡ್, ಒಂದೇ ಉದ್ದ, ಒಂದೇ ಲಾಫ್ಟ್ ಸೆಟ್ಟಿಂಗ್, ಒಂದೇ ಬಗೆಯ ಗ್ರಿಪ್ ಇಟ್ಟುಕೊಂಡು ಶಾಫ್ಟ್ ಮಾತ್ರ ಬದಲಿಸುತ್ತಾ ಹೋದೆ. ಇವುಗಳಲ್ಲಿ ಒಂದು ಬದಲಾದರೂ ಶಾಫ್ಟ್ ಬಗ್ಗೆ ಏನನ್ನೂ ಹೇಳಲಾಗದು. ಕ್ಲಬ್ ಮುಖಕ್ಕೆ ಕಾಲಿಗೆ ಹಾಕುವ ಪೌಡರ್ ಸ್ಪ್ರೇ ತೆಳ್ಳಗೆ ಹೊಡೆದೆ. ಪ್ರತಿ ಹೊಡೆತಕ್ಕೂ ಬಿಳಿಯ ಮೇಲೆ ದುಂಡಗೆ ಗುರುತು ಬೀಳುತ್ತದೆ, ಫೋಟೊ ತೆಗೆದು ಒರೆಸಿ ಮತ್ತೆ ಹೊಡೆಯುವುದು.

50 ಗ್ರಾಂನ ರೆಗ್ಯುಲರ್‌ನಲ್ಲಿ ಗುರುತುಗಳು ಹೀಲ್‌ನಿಂದ (ಮುಖದ ಶಾಫ್ಟ್ ಕಡೆಯ ತುದಿ) ಟೋವರೆಗೂ (ಆಚೆ ತುದಿ) ಹರಡಿಕೊಂಡವು. ಅತಿ ದೂರ ಹೋದ ಚೆಂಡು ಬಂದದ್ದೂ ಅದರಲ್ಲೇ, ಎಡಕ್ಕೆ ಕಾಡು ಸೇರಿದ್ದೂ ಅದರಲ್ಲೇ. ಅಷ್ಟೇ ತೂಕದ ಸ್ಟಿಫ್ ಹಾಕಿದೆ: ಚೆಂಡು ತಗ್ಗಾಗಿ ಬಲಕ್ಕೆ ಹೋಯಿತು, ಕೈಯಲ್ಲಿ ಬಡಿಗೆ ಹಿಡಿದ ಹಾಗಿತ್ತು, ಗುರುತುಗಳ ಹರಡಿಕೆ ಮಾತ್ರ ಹಾಗೇ ಉಳಿಯಿತು. ಆಮೇಲೆ ರೆಗ್ಯುಲರ್‌ನಲ್ಲೇ 60 ಗ್ರಾಂನದು, ಆ 256ರದು. ಗುರುತುಗಳೆಲ್ಲ ನಡುವಿನ ಒಂದು ನಾಣ್ಯದಗಲ ಜಾಗಕ್ಕೆ ಬಂದು ಕೂತವು. ಹತ್ತು ಗ್ರಾಂ ಭಾರ ನನ್ನ ಅವಸರಕ್ಕೆ ಕಡಿವಾಣ ಹಾಕಿತ್ತು. ನನ್ನ ಮಟ್ಟಿಗೆ ಮೊದಲು ತೂಕ, ಆಮೇಲೆ ಬಿಗಿ.

ಹೊಡೆತವನ್ನು ಅಳೆಯುವ ಲಾಂಚ್ ಮಾನಿಟರ್‌ನಲ್ಲಿ ಅತಿ ದೂರದ ಅಂಕಿಗೆ ನಾನು ಬೆಲೆ ಕೊಡಲಿಲ್ಲ. ಸ್ಮ್ಯಾಶ್ ಫ್ಯಾಕ್ಟರ್, ಅಂದರೆ ಚೆಂಡಿನ ವೇಗವನ್ನು ಹೆಡ್ಡಿನ ವೇಗದಿಂದ ಭಾಗಿಸಿದ್ದು, ಡ್ರೈವರ್‌ನಲ್ಲಿ 1.5ರ ಆಸುಪಾಸು ಬಂದರೆ ಅದೇ ಗರಿಷ್ಠ. ಅದು ಹೊಡೆತದಿಂದ ಹೊಡೆತಕ್ಕೆ ಎಷ್ಟು ಏರಿಳಿಯುತ್ತದೆ, ಎಡ-ಬಲದ ಅಂತರ ಎಷ್ಟು, ಇವೆರಡೇ ಸಾಕಾದವು. ಮೈ ದಣಿದ ಮೇಲೂ ಮತ್ತೆ ಹೊಡೆದು ನೋಡಿದೆ. ಹದಿನೈದನೇ ಹೋಲ್‌ನಲ್ಲಿ ಆಡುವುದು ದಣಿದ ಸ್ವಿಂಗೇ ತಾನೆ. ಇನ್ನೂ ಭಾರದ 70 ಗ್ರಾಂನದನ್ನೂ ಹಾಕಿ ನೋಡಿದ್ದೆ, ಅದು ಅಲ್ಲಿ ಸೋತಿತು.

ಐರನ್‌ಗಳಿಗೆ (ಕಡಿಮೆ ದೂರಕ್ಕೆ ಹೊಡೆಯುವ ಕ್ಲಬ್‌ಗಳು) ಇಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. 105 ಗ್ರಾಂನ ಸ್ಟೀಲ್ ರೆಗ್ಯುಲರ್ ಮೊದಲೇ ಒಗ್ಗಿತ್ತು, ಹಾಗೇ ಬಿಟ್ಟೆ. ಡ್ರೈವರ್ ಬಿಟ್ಟರೆ ದೂರ ಹೊಡೆಯುವ 3 ವುಡ್‌ಗೆ ಮಾತ್ರ ಡ್ರೈವರ್‌ಗಿಂತ ಸ್ವಲ್ಪ ಭಾರದ ಶಾಫ್ಟ್ ಬೇಕು, 65 ಮತ್ತು 70 ಗ್ರಾಂನವು ಎರಡೂ ತಂದಿಟ್ಟಿದ್ದೇನೆ, ಪೌಡರ್ ಡಬ್ಬಿಯೂ ಇನ್ನೂ ಬ್ಯಾಗಿನಲ್ಲಿದೆ.