ವೆಸ್ಟ್ ಪಾಯಿಂಟ್ ನಾಮಿನೇಷನ್: ಎರಡನೇ ಸಲಕ್ಕೆ ನನಗೆ ಸಿಕ್ಕಿದ್ದು ಹೇಗೆ

ಅರಕಲಗೂಡಿನಲ್ಲಿ ಆರನೇ ಕ್ಲಾಸ್ ಮುಗಿಸಿ ನ್ಯೂಜೆರ್ಸಿಗೆ ಬಂದಾಗ ನನಗೆ 11 ವರ್ಷ. ಅಮೆರಿಕದ ಸೈನ್ಯಕ್ಕೆ ಆಫೀಸರ್‌ಗಳನ್ನು ತಯಾರು ಮಾಡುವ ಅಕಾಡೆಮಿಯಾದ ವೆಸ್ಟ್ ಪಾಯಿಂಟ್‌ಗೆ ಸೇರಿದಾಗ 18. ನಡುವೆ ಒಂದು ಸಲ ಸೋತೆ. ಆ ಸೋಲಿನ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಕಲಿತದ್ದೆಲ್ಲ ಅಲ್ಲೇ.

ಮೊದಲು ನಾಮಿನೇಷನ್ ಅಂದರೇನು ಅಂತ ಹೇಳಿಬಿಡುತ್ತೇನೆ. ನಮ್ಮ ಕನ್ನಡ ಕೂಟದಲ್ಲಿ ಸಿಕ್ಕವರೆಲ್ಲ ಕೇಳಿದ ಪ್ರಶ್ನೆ ಇದು. ಅಮೆರಿಕದ ಸೈನ್ಯ, ನೌಕಾಪಡೆ, ವಾಯುಪಡೆಯ ಅಕಾಡೆಮಿಗಳಿಗೆ ಅಂಕ ಚೆನ್ನಾಗಿದ್ದ ಮಾತ್ರಕ್ಕೆ ಸೀಟು ಸಿಗುವುದಿಲ್ಲ. ನಿಮ್ಮ ಹೆಸರನ್ನು ಯಾರಾದರೂ ಸೂಚಿಸಬೇಕು. ಸಾಮಾನ್ಯವಾಗಿ ಅದು ಕಾಂಗ್ರೆಸ್‌ನಲ್ಲಿ, ಅಂದರೆ ಅಮೆರಿಕದ ಸಂಸತ್ತಿನಲ್ಲಿ, ನಿಮ್ಮ ಕ್ಷೇತ್ರದ ಸದಸ್ಯರು, ಇಲ್ಲವೇ ಅದರ ಮೇಲ್ಮನೆಯಲ್ಲಿರುವ ನಿಮ್ಮ ರಾಜ್ಯದ ಇಬ್ಬರು ಸೆನೆಟರ್‌ಗಳಲ್ಲಿ ಒಬ್ಬರು. ಕ್ಷೇತ್ರಕ್ಕೆ ಇಷ್ಟು ಅಂತ ವೆಸ್ಟ್ ಪಾಯಿಂಟ್‌ಗೆ ಆಯ್ಕೆ ಮಾಡುವ ಪದ್ಧತಿ 1843ರಲ್ಲೇ ಕಾನೂನಾಯಿತು. ಒಬ್ಬ ಸದಸ್ಯರ ಲೆಕ್ಕದಲ್ಲಿ ಒಂದೊಂದು ಅಕಾಡೆಮಿಯಲ್ಲಿ ಒಂದು ಹೊತ್ತಿಗೆ ಐದೇ ಜನ ಇರಬಹುದು. ಒಂದು ಜಾಗ ಖಾಲಿಯಾದರೆ ಅದಕ್ಕೆ ಹಲವು ಹೆಸರು ಕಳಿಸುತ್ತಾರೆ. ಅದರಲ್ಲಿ ಯಾರನ್ನು ಸೇರಿಸಿಕೊಳ್ಳಬೇಕು ಅಂತ ಹೆಚ್ಚಿನ ಸಲ ಅಕಾಡೆಮಿಯೇ ನೋಡುತ್ತದೆ. ಹಾಗಾಗಿ ನಾಮಿನೇಷನ್ ಸಿಕ್ಕಿತು ಅಂದರೆ ಸೀಟು ಸಿಕ್ಕಿತು ಅಂತಲ್ಲ. ಅದು ಸಿಗದಿದ್ದರೆ ಮಾತ್ರ ಮುಂದಿನ ಬಾಗಿಲೇ ಇಲ್ಲ.

ನಮ್ಮಂಥ ಮನೆಗಳಿಗೆ ಇನ್ನೊಂದು ಮುಖ್ಯ ವಿಷಯ ಪೌರತ್ವ. ಗ್ರೀನ್ ಕಾರ್ಡ್ ಸಾಲದು. ಸೇರುವ ಹೊತ್ತಿಗೆ ನೀವು ಅಮೆರಿಕದ ಪ್ರಜೆಯಾಗಿರಬೇಕು. ನಮಗೆ ಗ್ರೀನ್ ಕಾರ್ಡ್ ಅತ್ತೆಯ ಕಡೆಯಿಂದ ಬಂದಿತ್ತು, ವರ್ಷಗಟ್ಟಲೆ ಕಾದ ಮೇಲೆ. ಐದು ವರ್ಷ ತುಂಬುತ್ತಿದ್ದ ಹಾಗೆ ಅಪ್ಪ ಪೌರತ್ವಕ್ಕೆ ಅರ್ಜಿ ಹಾಕಿದರು. ಅವರು ಪ್ರಮಾಣವಚನ ತೆಗೆದುಕೊಂಡಾಗ ನನಗೆ 18 ಆಗಿರಲಿಲ್ಲ, ಹಾಗಾಗಿ ನಾನೂ ತಾನಾಗಿಯೇ ಪ್ರಜೆಯಾದೆ. ವೀಸಾದಲ್ಲೇ ಇರುವ ಮಕ್ಕಳಿಗೆ ಈ ದಾರಿ ಇಲ್ಲ. ನನ್ನ ಗೆಳತಿಯೊಬ್ಬಳು ನನಗಿಂತ ಚೆನ್ನಾಗಿ ಓಡುತ್ತಿದ್ದಳು, ನನಗಿಂತ ಚೆನ್ನಾಗಿ ಓದುತ್ತಿದ್ದಳು. ಅವಳಿಗೆ ಅರ್ಜಿ ಹಾಕಲೂ ಆಗಲಿಲ್ಲ. ಅದು ನನಗೆ ಇವತ್ತಿಗೂ ಸಂಕಟ.

ಹನ್ನೆರಡನೇ ಕ್ಲಾಸಿನಲ್ಲಿ ಮೊದಲ ಸಲ ಅರ್ಜಿ ಹಾಕಿದೆ. ಆಗ ಮಾಡಿದ ದೊಡ್ಡ ತಪ್ಪು ಅಂದರೆ ಒಂದೇ ಕಡೆ ಹಾಕಿದ್ದು. ಕಾಂಗ್ರೆಸ್ ಸದಸ್ಯರ ಕಚೇರಿಗೆ ಹಾಕಿ ಸುಮ್ನೆ ಕೂತೆ. ಇಬ್ಬರು ಸೆನೆಟರ್‌ಗಳಿಗೂ ಬೇರೆ ಬೇರೆಯಾಗಿ ಹಾಕಬೇಕು. ಉಪಾಧ್ಯಕ್ಷರ ಹೆಸರಿನಲ್ಲೂ ನಾಮಿನೇಷನ್ ಇದೆ, ಅದಕ್ಕೂ ಹಾಕಬೇಕು. ಒಂದೊಂದು ಕಚೇರಿಗೂ ಅದರದ್ದೇ ಫಾರ್ಮ್, ಅದರದ್ದೇ ಪ್ರಬಂಧ, ಅದರದ್ದೇ ಕೊನೆಯ ದಿನ. ನನಗೆ ಗೊತ್ತಾಗುವ ಹೊತ್ತಿಗೆ ಆ ದಿನಗಳು ದಾಟಿದ್ದವು. ಹಾಕಿದ್ದ ಒಂದು ಅರ್ಜಿಯಲ್ಲೂ ಒಂದು ರೆಕಮೆಂಡೇಶನ್ ಪತ್ರ ಹೋಗಿರಲಿಲ್ಲ. ಕಳಿಸಿದ್ದೇವೆ ಅಂತ ಶಾಲೆಯಲ್ಲಿ ಹೇಳಿದ್ದರು, ನಾನು ನಂಬಿದ್ದೆ. ಕಚೇರಿಗೆ ಫೋನ್ ಮಾಡಿ ಕೇಳಿದ ಮೇಲೇ ಬಂದಿಲ್ಲ ಅಂತ ಗೊತ್ತಾಗಿದ್ದು. ಓಡಾಡಿ ಕೊನೆಯ ದಿನ ತಲುಪಿಸಿದೆ.

ಆಮೇಲೆ ಇಂಟರ್ವ್ಯೂ. ಉದ್ದನೆಯ ಮೇಜು, ಆಚೆ ಕಡೆ ನಾಲ್ಕು ಜನ. ಒಬ್ಬರು ನಿವೃತ್ತ ಕರ್ನಲ್. ಮೊದಲ ಪ್ರಶ್ನೆ ನಾನು ಅಂದುಕೊಂಡದ್ದೇ: ವೆಸ್ಟ್ ಪಾಯಿಂಟೇ ಯಾಕೆ? ಬಾಯಿಪಾಠ ಮಾಡಿದ್ದನ್ನು ಹೇಳಿದೆ. ಒಳ್ಳೆಯ ಎಂಜಿನಿಯರಿಂಗ್, ಶಿಸ್ತು, ಫೀಸ್ ಇಲ್ಲ. ಕರ್ನಲ್ ಪೆನ್ನು ಕೆಳಗಿಟ್ಟರು. "ಇದೆಲ್ಲ ಬೇರೆ ಕಾಲೇಜಿನಲ್ಲೂ ಸಿಗುತ್ತದೆ. ಕಷ್ಟದ ಹೊತ್ತಿನಲ್ಲಿ ಮೂವತ್ತು ಜನ ನಿನ್ನ ಮಾತು ಯಾಕೆ ಕೇಳಬೇಕು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೈ ಬೆವರಿ ಫೈಲಿನ ರಟ್ಟು ಒದ್ದೆಯಾಗಿದ್ದು ನೆನಪಿದೆ. ಕೆಲವು ವಾರಕ್ಕೆ ಪತ್ರ ಬಂತು. ಆಗಲಿಲ್ಲ.

ಅಮ್ಮನಿಗೆ ಒಳಗೊಳಗೇ ಸಮಾಧಾನವಾಯಿತು. ಓದು ಮುಗಿದ ಮೇಲೆ ಐದು ವರ್ಷವಾದರೂ ಸೈನ್ಯದಲ್ಲಿ ಕೆಲಸ ಮಾಡಲೇಬೇಕು ಅನ್ನುವುದು ಅವರ ನಿದ್ದೆ ಕೆಡಿಸಿತ್ತು. ನಾನು ಅವರ ಮೇಲೆ ಸಿಟ್ಟು ಮಾಡಲಿಲ್ಲ. ಮಗಳನ್ನು ಯುದ್ಧಕ್ಕೆ ಕಳಿಸುವ ಮಾತು ಅದು, ಅಲ್ವಾ.

ನಮ್ಮ ರಾಜ್ಯದ್ದೇ ಒಂದು ಕಾಲೇಜಿಗೆ ಸೇರಿ, ಓದಿನ ಜೊತೆಗೇ ಸೈನ್ಯದ ಆಫೀಸರ್ ತರಬೇತಿ ಕೊಡುವ ಅಲ್ಲಿನ ಆರ್‌ಒಟಿಸಿಗೂ ಸೇರಿಕೊಂಡೆ. ಊರಿನ ಸ್ವಯಂಸೇವಕ ಆಂಬುಲೆನ್ಸ್ ತಂಡದಲ್ಲಿ 16ನೇ ವಯಸ್ಸಿನಿಂದ ಇದ್ದೆ. ಅದನ್ನು ಬಿಡಲಿಲ್ಲ. ಒಂದು ಭಾನುವಾರ ರಾತ್ರಿ ಕರೆ ಬಂತು. ಬಚ್ಚಲಲ್ಲಿ ಜಾರಿ ಬಿದ್ದ ಒಬ್ಬರು ವಯಸ್ಸಾದ ಹೆಂಗಸು. ಮಗನ ಮನೆಗೆ ಅಂತ ಊರಿಂದ ಬಂದವರು. ನಮ್ಮ ತಂಡದವರು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆಲ್ಲ ಅವರು ತಲೆ ಆಡಿಸುತ್ತಿದ್ದರು. ಆಮೇಲೆ ಮೆಲ್ಲಗೆ "ಅಯ್ಯೋ ದೇವ್ರೇ, ಸೊಂಟ" ಅಂದರು. ನಾನು ಪಕ್ಕದಲ್ಲಿ ಮಂಡಿಯೂರಿ, "ಅಜ್ಜಿ, ಅಲ್ಲಾಡಬೇಡಿ, ನಾನಿದೀನಿ" ಅಂದೆ. ಅವರು ನನ್ನ ಮಣಿಕಟ್ಟು ಹಿಡಿದವರು ಬಿಡಲೇ ಇಲ್ಲ. ಮಗ ಗಾಬರಿಯಾಗಿ ತಾನೇ ಎತ್ತಲು ಬಂದರು. ನನಗಿಂತ ಎಷ್ಟೋ ದೊಡ್ಡವರು. "ಮುಟ್ಟಬೇಡಿ ಅಂಕಲ್. ಹಾಲ್‌ನಲ್ಲಿರೋ ಟೀಪಾಯಿ ಆ ಕಡೆ ಸರಿಸಿ, ಬಾಗಿಲು ಪೂರ್ತಿ ತೆಗೆದಿಡಿ" ಅಂದೆ. ಅವರು ಹೇಳಿದ ಹಾಗೆ ಮಾಡಿದರು. ಮನೆಗೆ ಬಂದ ಮೇಲೆ ಕರ್ನಲ್ ಕೇಳಿದ ಪ್ರಶ್ನೆ ನೆನಪಾಯಿತು.

ಎರಡನೇ ಸಲ ಬೇಸಿಗೆಯಲ್ಲೇ ಶುರು ಮಾಡಿದೆ. ನಾಲ್ಕೂ ಕಡೆಗೆ ಹಾಕಿದೆ, ಆರ್‌ಒಟಿಸಿ ಮೂಲಕವೂ ಕೇಳಿಕೊಂಡೆ. ಅಡುಗೆಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿ, ಯಾವ ಕಚೇರಿಗೆ ಯಾವ ಕಾಗದ ತಲುಪಿತು ಅಂತ ಅಪ್ಪನೇ ಗುರುತು ಹಾಕುತ್ತಿದ್ದರು. ಕಳಿಸಿದ್ದಕ್ಕೆ ಗುರುತಿಲ್ಲ, ಅವರು ಸಿಕ್ಕಿತು ಅಂದ ಮೇಲೇ ಗುರುತು.

ನಾಮಿನೇಷನ್ ಅಲ್ಲದೆ ಪರೀಕ್ಷೆಗಳೂ ಇವೆ. ವೈದ್ಯಕೀಯ ಪರೀಕ್ಷೆಯಲ್ಲಿ ಹಳೆಯ ಕಾಯಿಲೆಯನ್ನೂ ಕೇಳುತ್ತಾರೆ. 13 ತುಂಬಿದ ಮೇಲೆ ಆಸ್ತಮಾ ಇತ್ತು ಅಂದರೂ ತೊಡಕಾಗುತ್ತದೆ. ದೇಹದ ಪರೀಕ್ಷೆಯಲ್ಲಿ ಪುಲ್-ಅಪ್, ಪುಷ್-ಅಪ್, ಒಂದು ಮೈಲಿ ಓಟ ಎಲ್ಲ ಇರುತ್ತದೆ. ನನಗೆ ಕಷ್ಟವಾಗಿದ್ದು ಮಂಡಿಯೂರಿ ಬಾಸ್ಕೆಟ್‌ಬಾಲ್ ಎಸೆಯುವುದು. ಕಾಲಿನ ಬಲ ಸಿಗುವುದೇ ಇಲ್ಲ, ಭುಜ ಮತ್ತು ಹೊಟ್ಟೆಯಿಂದಲೇ ಎಸೆಯಬೇಕು. ತಮ್ಮ ಟೇಪು ಹಿಡಿದು ಅಳೆಯುತ್ತಿದ್ದ. ದಿನಾ ಸಂಜೆ ಇಪ್ಪತ್ತು ಸಲ ಎಸೆದು ಎಸೆದು ಎರಡು ತಿಂಗಳಿಗೆ ಹದಕ್ಕೆ ಬಂತು.

ಸೆನೆಟರ್ ಕಚೇರಿಯ ಇಂಟರ್ವ್ಯೂನಲ್ಲಿ ಮತ್ತೆ ಅದೇ "ಯಾಕೆ" ಬಂತು. ಆ ರಾತ್ರಿಯದ್ದನ್ನು ಇದ್ದ ಹಾಗೆ ಹೇಳಿದೆ. ಭಯವಾಗಿತ್ತು ಅನ್ನುವುದನ್ನೂ ಸೇರಿಸಿ. ಈ ಸಲವೂ ಸಿಗದಿದ್ದರೆ ಏನು ಮಾಡುತ್ತೀಯ ಅಂದರು. ಆರ್‌ಒಟಿಸಿಯಲ್ಲೇ ಮುಂದುವರಿದು ಆಫೀಸರ್ ಆಗುತ್ತೇನೆ ಅಂದೆ. ಅದು ತಯಾರು ಮಾಡಿಕೊಂಡ ಉತ್ತರ ಅಲ್ಲ, ಆ ಹೊತ್ತಿಗೆ ನಿಜವಾಗಿ ಹಾಗೆ ನಿರ್ಧಾರ ಮಾಡಿದ್ದೆ.

ಜನವರಿಯಲ್ಲಿ ನಾಮಿನೇಷನ್ ಪತ್ರ ಬಂತು. ಮಾರ್ಚ್‌ನಲ್ಲಿ ಒಂದು ಮಧ್ಯಾಹ್ನ ಸೆನೆಟರ್ ಕಚೇರಿಯಿಂದ ಫೋನ್ ಬಂದಾಗ ನಾನು ಕ್ಲಾಸಿನಲ್ಲಿದ್ದೆ, ಎತ್ತಿದ್ದು ಅಮ್ಮ. ಸಂಜೆ ಮನೆಗೆ ಬಂದರೆ ಗೋಡೆಯ ಹಾಳೆ ಇನ್ನೂ ಅಲ್ಲೇ ಇತ್ತು. ಅದರ ಕೆಳಗೆ ಅಮ್ಮ ತಾವೇ ಒಂದು ಸಾಲು ಬರೆದು ಗುರುತು ಹಾಕಿದ್ದರು: "ವೆಸ್ಟ್ ಪಾಯಿಂಟ್, ಸಿಕ್ಕಿತು."