ಗೋಮಾಳದಲ್ಲಿ ಶಾಲೆಗೆ ಎರಡೆಕರೆ ಬಿಡಿಸಿಕೊಂಡ ಕಥೆ

ಊರ ದನ ಮೇಯಲು ಬಿಟ್ಟ ಸರ್ಕಾರಿ ಜಾಗ ಗೋಮಾಳ. "ಗೋಮಾಳನ ಸ್ಕೂಲಿಗೆ ಕೊಡ್ತಾರಾ? ಸುಮ್ನೆ ಚಪ್ಪಲಿ ಸವೆಸ್ಬೇಡ ಕಣಪ್ಪ" ಅಂದವರೇ ಜಾಸ್ತಿ. ಅವರಿಗೆಲ್ಲ ಈಗ ಪಹಣಿಯಲ್ಲಿ ಶಾಲೆಗೆ ಅಂತ ದಾಖಲಾದ 11ನೇ ಕಾಲಂ ತೋರಿಸುತ್ತಿದ್ದೇನೆ. ಹೆಚ್ಚುಕಮ್ಮಿ ಮೂರು ವರ್ಷ ಹಿಡಿಯಿತು.

ನಮ್ಮದು ಮಂಡ್ಯ ಜಿಲ್ಲೆಯೇ, ಆದರೆ ನಾಲೆ ನೀರು ಹತ್ತದ ಕಡೆ. ಗೋಮಾಳ ಉಳಿದಿರುವುದೂ ಅದಕ್ಕೇ. ನೀರು ಬಂದಿದ್ದರೆ ಯಾವತ್ತೋ ಕಬ್ಬಿನ ಗದ್ದೆ ಆಗಿರುತ್ತಿತ್ತು.

ಮೊದಲ ಅರ್ಜಿ ಕೆಟ್ಟಿದ್ದು ನನ್ನಿಂದಲೇ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷ ಅಂತ ಸಹಿ ಹಾಕಿ, 'ಶಾಲೆಗೆ ಜಮೀನು ಮಂಜೂರು ಮಾಡಿ' ಅಂತ ಬರೆದೆ. ಮಂಜೂರು ಅಂದ ಕೂಡಲೇ ಕಡತ ಬೇರೆ ದಾರಿ ಹಿಡಿಯಿತು. ಎಂಟು ತಿಂಗಳು ಮಣ್ಣುಪಾಲು. ಕೊನೆಗೆ ನಿವೃತ್ತ ಶಿರಸ್ತೇದಾರರೊಬ್ಬರು ನಕ್ಕುಬಿಟ್ಟರು: "ಜಾಗ ಸರ್ಕಾರದ್ದು, ಶಾಲೆನೂ ಸರ್ಕಾರದ್ದು. ಮಂಜೂರು ಯಾರಿಗ್ರೀ? ಕಾಯ್ದಿರಿಸಿ ಅಂತ ಕೇಳಿ." ಹಾಗೆ ಕಾಯ್ದಿರಿಸಲು ಇರುವುದು 1964ರ ಭೂಕಂದಾಯ ಕಾಯ್ದೆಯ 71ನೇ ಕಲಂ, ಬೇಕಾದ್ದು ಜಿಲ್ಲಾಧಿಕಾರಿಗಳ ಆದೇಶ. ಎರಡನೇ ಸಲ ನಾನು ಕೇಳಲಿಲ್ಲ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಂದಲೇ ಪ್ರಸ್ತಾವನೆ ಹೋಯಿತು.

ಅದೂ ವಾಪಸ್ ಬಂತು. ಷರಾ ಏನು ಗೊತ್ತಾ? 'ಜಾನುವಾರುಗಳಿಗೆ ಗೋಮಾಳ ಕೊರತೆ ಇದೆ.' ನೂರು ದನಕ್ಕೆ 30 ಎಕರೆ ಗೋಮಾಳ ಇರಬೇಕು ಅನ್ನುವುದು ಸರ್ಕಾರದ ಲೆಕ್ಕ. ನಮ್ಮ ಗೋಮಾಳ ಸುಮಾರು 71 ಎಕರೆ. ಕಡತದಲ್ಲಿ ದನ ಮುನ್ನೂರು, ಅಂದರೆ 90 ಎಕರೆ ಬೇಕು. ಆದರೆ ಊರಲ್ಲಿ ಈಗ ಅಷ್ಟು ದನ ಎಲ್ಲಿವೆ? ಉಳುಮೆಗೆ ಟ್ರ್ಯಾಕ್ಟರ್, ಎತ್ತು ಮಾರಿ ಯಾವ ಕಾಲವಾಯಿತು. ಕಾಲುಬಾಯಿ ಜ್ವರದ ಲಸಿಕೆ ಹಾಕುವಾಗ ಬರೆದುಕೊಂಡ ಪಟ್ಟಿ ಹಿಡಿದು ಪಶು ವೈದ್ಯರ ಹತ್ತಿರ ಪತ್ರ ತಂದೆ. 210 ಚಿಲ್ಲರೆ. ಅಂದರೆ ಬೇಕಾಗುವುದು 63, 64 ಎಕರೆ. ಏಳೆಂಟು ಎಕರೆ ಹೆಚ್ಚುವರಿ! ನಾವು ಕೇಳಿದ್ದು 2 ಎಕರೆ 10 ಗುಂಟೆ ಅಷ್ಟೇ. ಈ ಐಡಿಯಾ ಪೂರ್ತಿ ನನ್ನದೇ, ಯಾರೂ ಹೇಳಿಕೊಟ್ಟಿದ್ದಲ್ಲ.

ಸರ್ವೆ ದಿನ ಇನ್ನೊಂದು ತಮಾಷೆ. ಮೂಲೆಯ ಬಾಂದುಕಲ್ಲು, ಅಂದರೆ ಗಡಿ ಕಲ್ಲು, ಸಿಗಲೇ ಇಲ್ಲ. ಮಧ್ಯಾಹ್ನದವರೆಗೆ ಹುಡುಕಿದೆವು. ಕೊನೆಗೆ ನೋಡಿದರೆ, ಹುತ್ತದಲ್ಲಿ ಅರ್ಧ ಮುಳುಗಿ, ಅರಿಶಿನ ಕುಂಕುಮ ಮೆತ್ತಿಕೊಂಡು ಕೂತಿದೆ! ಹೆಂಗಸರು ವರ್ಷಗಳಿಂದ ಹಾಲೆರೆಯುತ್ತಿದ್ದ ಕಲ್ಲೇ ಅದು. ಸರ್ವೇಯರ್ ಚಪ್ಪಲಿ ಬಿಟ್ಟು, ಕೈಮುಗಿದು, ಆಮೇಲೆ ಚೈನು ಹಿಡಿದರು.

ರಸ್ತೆ ಪಕ್ಕದ ತುಂಡಿನಲ್ಲಿ ಒಬ್ಬರು ರಾಗಿ ಬಿತ್ತಿದ್ದರು, ಆ ಸಾಗುವಳಿ ಸಕ್ರಮ ಮಾಡಿಕೊಡಿ ಅಂತ ಫಾರಂ 57 ಅರ್ಜಿ ಕೂಡ ಹಾಕಿದ್ದರು. ಜಗಳ ಆಡಲಿಲ್ಲ, ಹಿಂದಿನ ಭಾಗಕ್ಕೆ ಸರಿದೆವು. ಸ್ವಲ್ಪ ಇಳಿಜಾರು, ಆದರೂ ತಂಟೆ ಇಲ್ಲ.

ಖರ್ಚು? ಜೆರಾಕ್ಸ್, ಬಸ್ಸು, ಊಟ, ಪೊದೆ ಕೀಳಿಸಲು ಜೆಸಿಬಿ ಎಲ್ಲ ಸೇರಿ ಹದಿನೆಂಟು ಹತ್ತೊಂಬತ್ತು ಸಾವಿರ. ಮುಕ್ಕಾಲು ಪಾಲು ನನ್ನ ಜೇಬಿಂದ. ಯಾರ ಕೈಯನ್ನೂ ಬೆಚ್ಚಗೆ ಮಾಡಲಿಲ್ಲ. ಕಡತ ಒಂದೇ ಮೇಜಿನ ಮೇಲೆ ಮಲಗಿದಾಗ ಎಬ್ಬಿಸಿದ್ದು ಹೇಗೆ ಅಂತ ಮಾತ್ರ ಇಲ್ಲಿ ಬರೆಯಲ್ಲ. ಇನ್ನೊಂದು ಜಾಗದ ಕಡತ ಇನ್ನೂ ಓಡುತ್ತಿದೆ.

ಆದೇಶ ಬಂದ ವಾರವೇ ಸುತ್ತ ನಲವತ್ತು ಹೊಂಗೆ ಸಸಿ ನೆಟ್ಟೆ. ಮೇಕೆಗಳು ಏಳು ಬಿಟ್ಟಿವೆ. ಈಗ ಕತ್ತಾಳೆ ನೆಡಿಸಿದ್ದೇನೆ, ಅದನ್ನು ಯಾವುದೂ ಮುಟ್ಟಿಲ್ಲ.